ಉಸಿರು ಬೆಚ್ಚಗಿಡುವ ಮಾಸ್ಕ್: ಚಳಿಗೆ ಸರಿ, ಗಾಳಿಗೆ ಇದೊಂದೇ ಸಾಲದು

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವ ನಮ್ಮಂಥವರಿಗೆ ಬರೀ ಚಳಿಗಿಂತ ಚಳಿಗಾಳಿಯ ಕಾಟ ಜಾಸ್ತಿ. ಗಾಳಿ ನಿಂತ ದಿನ ಚಳಿ ಇದ್ದರೂ ನಿಧಾನಕ್ಕೆ ಒಂದು ಸುತ್ತು ಹೋಗಿಬರಬಹುದು. ಗಾಳಿ ಬೀಸುವ ದಿನ ಹಾಗಲ್ಲ. ಬಾಗಿಲು ದಾಟಿ ಮುಖಕ್ಕೆ ಗಾಳಿ ಹೊಡೆದ ಕೂಡಲೇ ಉಸಿರು ಅರ್ಧಕ್ಕೇ ನಿಂತಂತಾಗುತ್ತದೆ, ಎದೆ ಹಿಡಿದುಕೊಳ್ಳುತ್ತದೆ, ಕೆಮ್ಮು ಶುರುವಾದರೆ ನಿಲ್ಲುವುದಿಲ್ಲ. ಇದಕ್ಕೇ ಅಂತ ಉಸಿರನ್ನು ಬೆಚ್ಚಗೆ ಮಾಡಿಕೊಡುವ ಮಾಸ್ಕ್ ತರಿಸಿಕೊಂಡೆ. ಒಂದಿಡೀ ಚಳಿಗಾಲ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಈ ಬಗೆಯ ಮಾಸ್ಕನ್ನು ಹಲವರು ಮಾಡುತ್ತಾರೆ, ನಾನು ಹೇಳುವುದರಲ್ಲಿ ಹೆಚ್ಚಿನದು ಆ ಬಗೆಗೇ ಸೇರಿದ್ದು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಚಳಿಗೆ ಇದು ಒಳ್ಳೆಯ ಸಾಧನ. ಗಾಳಿಗೆ ಇದೊಂದೇ ಸಾಲದು. ಮತ್ತೆ ಶ್ವಾಸಕೋಶದ ಕಾಯಿಲೆ ಇರುವ ಎಲ್ಲರಿಗೂ ಇದು ಆಗಿಬರುವುದಿಲ್ಲ. ಈ ಕೊನೆಯ ಮಾತನ್ನು ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಅದಕ್ಕೇ ಇಷ್ಟು ಉದ್ದಕ್ಕೆ ಬರೆಯಬೇಕು ಅನ್ನಿಸಿತು.

ನನ್ನ ಸ್ಥಿತಿ ಹೇಳಿದರೆ ನಿಮಗೆ ಹೋಲಿಸಿಕೊಳ್ಳಲು ಸುಲಭ. ಏದುಸಿರನ್ನು ಅಳೆಯಲು ಡಾಕ್ಟರುಗಳು ಎಮ್‌ಎಮ್‌ಆರ್‌ಸಿ ಅನ್ನುವ 0ಯಿಂದ 4ರವರೆಗಿನ ಅಳತೆ ಬಳಸುತ್ತಾರೆ. ಅದರಲ್ಲಿ ನಾನು 2. ಅಂದರೆ ಸಮತಟ್ಟಾದ ದಾರಿಯಲ್ಲೂ ನನ್ನ ವಯಸ್ಸಿನವರ ಜೊತೆ ಹೆಜ್ಜೆ ಹಾಕಲು ಆಗುವುದಿಲ್ಲ, ನನ್ನದೇ ನಡಿಗೆಯಲ್ಲಿ ಹೋದರೂ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳಬೇಕು. ಮನೆಯಲ್ಲಿ ಆಕ್ಸಿಜನ್ ಬೇಕಿಲ್ಲ. ನನಗಿಂತ ಕಷ್ಟದಲ್ಲಿರುವವರು ನನ್ನ ಅನುಭವವನ್ನು ಹಾಗೇ ತಮಗೆ ಅನ್ವಯಿಸಿಕೊಳ್ಳಬಾರದು.

ಈಗ ವಸ್ತುವಿನ ಬಗ್ಗೆ. ಹೊರಗೆ ಮೆತ್ತನೆಯ ಬಟ್ಟೆ, ಮೂಗು ಬಾಯಿ ಕೆನ್ನೆ ಮುಚ್ಚುವಷ್ಟು ಅಗಲ. ಬಾಯಿಯ ಮುಂದೆ ಒಂದು ಪ್ಲಾಸ್ಟಿಕ್ ಗೂಡು, ಅದರೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ತೂತುಗಳಿರುವ ಲೋಹದ ಜಾಲರಿ. ನಾವು ಬಿಡುವ ಉಸಿರು ಬೆಚ್ಚಗೂ ಇರುತ್ತದೆ, ತೇವವಾಗಿಯೂ ಇರುತ್ತದೆ. ಆ ಬಿಸಿಯನ್ನೂ ತೇವವನ್ನೂ ಜಾಲರಿ ಹಿಡಿದಿಟ್ಟುಕೊಳ್ಳುತ್ತದೆ. ಮತ್ತೆ ಉಸಿರು ಎಳೆದಾಗ ಹೊರಗಿನ ತಣ್ಣನೆ ಗಾಳಿ ಅದೇ ಜಾಲರಿಯ ಮೂಲಕ ಬರುವುದರಿಂದ ಅದನ್ನೆಲ್ಲ ವಾಪಸು ತೆಗೆದುಕೊಂಡು ಒಳಗೆ ಬರುತ್ತದೆ. ಬ್ಯಾಟರಿ ಇಲ್ಲ, ತಂತಿ ಇಲ್ಲ. ಕುತ್ತಿಗೆಯಲ್ಲಿ ರಂಧ್ರ ಮಾಡಿಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕೃತಕ ಮೂಗು ಅಂತ ಒಂದು ಸಣ್ಣ ಬಿಲ್ಲೆ ಹಾಕುತ್ತಾರಲ್ಲ, ಅದು ಕೆಲಸ ಮಾಡುವುದೂ ಹೀಗೇ.

ಇದು ಯಾಕೆ ಬೇಕು ಅಂತ ಕೇಳಬಹುದು, ಮೂಗೇ ಈ ಕೆಲಸ ಮಾಡುತ್ತದಲ್ವಾ? ಮಾಡುತ್ತದೆ. ಶ್ವಾಸಕೋಶದ ಆಳಕ್ಕೆ ಹೋಗುವ ಹೊತ್ತಿಗೆ ಗಾಳಿ ಮೈಯ ಉಷ್ಣಾಂಶಕ್ಕೆ, ಅಂದರೆ ಸುಮಾರು 37 ಡಿಗ್ರಿಗೆ ಬಂದಿರಬೇಕು, ಪೂರ್ತಿ ತೇವವಾಗಿಯೂ ಇರಬೇಕು. 0 ಡಿಗ್ರಿಯ ಗಾಳಿ ಎಷ್ಟೇ ತೇವ ಅಂದರೂ ಒಂದು ಘನ ಮೀಟರಿನಲ್ಲಿ ಸುಮಾರು 5 ಗ್ರಾಂ ನೀರಿನಾವಿ ಮಾತ್ರ ಹಿಡಿಯಬಲ್ಲದು. 37 ಡಿಗ್ರಿಯಲ್ಲಿ ಅದೇ ಜಾಗ ಸುಮಾರು 44 ಗ್ರಾಂ ಹಿಡಿಯುತ್ತದೆ. ಉಳಿದ ನೀರನ್ನೆಲ್ಲ ಕೊಡಬೇಕಾದ್ದು ನಮ್ಮ ಮೂಗು, ಗಂಟಲು, ಶ್ವಾಸನಾಳ. ಸುಮ್ನೆ ಕೂತಿದ್ದಾಗ ಮೂಗು ಇದನ್ನು ಸಂಭಾಳಿಸುತ್ತದೆ. ನಡೆಯುವಾಗ ಏದುಸಿರು ಬಂದು ಬಾಯಿ ತೆರೆದರೆ ಮೂಗಿನ ಕೆಲಸ ತಪ್ಪಿಹೋಗುತ್ತದೆ, ಒಣಗಿದ ತಣ್ಣನೆ ಗಾಳಿ ನೇರವಾಗಿ ಶ್ವಾಸನಾಳಕ್ಕೆ ತಗಲುತ್ತದೆ. ಅಲ್ಲಿನ ತೇವ ಆರಿದಾಗ ನಾಳ ಕೆರಳಿ ಬಿಗಿಯುತ್ತದೆ, ಕಫ ಗಟ್ಟಿಯಾಗುತ್ತದೆ. ಸಿಒಪಿಡಿಯಲ್ಲಿ ನಾಳ ಮೊದಲೇ ಕಿರಿದಾಗಿರುತ್ತದೆ. ಅದು ಇನ್ನಷ್ಟು ಬಿಗಿದರೆ ಏನಾಗುತ್ತದೆ ಅಂತ ಗೊತ್ತಿರುವವರಿಗೆ ನಾನು ಹೇಳಬೇಕಿಲ್ಲ.

ಈ ಒಂದು ಕೆಲಸವನ್ನು ಮಾಸ್ಕ್ ನಿಜವಾಗಿಯೂ ಚೆನ್ನಾಗಿ ಮಾಡುತ್ತದೆ. ಚಳಿಯಲ್ಲಿ ವ್ಯಾಯಾಮ ಮಾಡಿದರೆ ಉಬ್ಬಸ ಬರುವ ಆಸ್ತಮಾ ರೋಗಿಗಳ ಮೇಲೆ ಇಂಥ ಮಾಸ್ಕುಗಳನ್ನು ಪರೀಕ್ಷಿಸಿದ್ದಾರೆ, ನಾಳದ ಬಿಗಿತ ಕಡಿಮೆಯಾಗಿದ್ದು ಕಂಡಿದೆ. ನನಗೂ ಗಂಟಲು ಕೆರೆದು ಬರುವ ಆ ಒಣ ಕೆಮ್ಮು ಬಹುಪಾಲು ನಿಂತಿತು. ಹೊರಗಿನಿಂದ ಬಂದ ಮೇಲೆ ಕಫ ಮೊದಲಿಗಿಂತ ಸಲೀಸಾಗಿ ಹೊರಬರುತ್ತದೆ. ಇದು ನನಗೆ ದೊಡ್ಡ ಸಮಾಧಾನ. ಚಳಿಗಾಲದಲ್ಲಿ ಹೊರಗೆ ಹೋಗಿಬಂದ ದಿನದ ಸಂಜೆಗಳು ಬರೀ ಕೆಮ್ಮಿನಲ್ಲೇ ಕಳೆಯುತ್ತಿದ್ದವು.

ಇಲ್ಲೊಂದು ಮುಖ್ಯ ವಿಷಯ. ಮಾಸ್ಕನ್ನು ಮನೆಯೊಳಗೇ ಹಾಕಿಕೊಳ್ಳಬೇಕು, ಬಾಗಿಲಾಚೆ ಹೋಗಿ ಅಲ್ಲ. ಜಾಲರಿ ಬಿಸಿಯಾಗಲು ಕೆಲವು ಉಸಿರು ಬೇಕು. ತಣ್ಣಗಿರುವ ಜಾಲರಿಯಿಂದ ಎಳೆದ ಮೊದಲ ಉಸಿರು ತಣ್ಣಗೇ ಇರುತ್ತದೆ, ನಮ್ಮಲ್ಲಿ ಹಲವರಿಗೆ ಎದೆ ಹಿಡಿಯುವುದೇ ಆ ಮೊದಲ ಉಸಿರಿನಲ್ಲಿ. ಒಳಗೆ ನಿಂತು ನಿಧಾನಕ್ಕೆ ಉಸಿರಾಡಿ, ಬಟ್ಟೆಯ ಒಳಭಾಗ ಬೆಚ್ಚಗಾದ ಮೇಲೆ ಬಾಗಿಲು ತೆರೆಯಿರಿ. ನನಗೆ ಬಂದ ಕೈಪಿಡಿಯಲ್ಲಿ ಇದು ಇಲ್ಲ, ದಪ್ಪಕ್ಷರದಲ್ಲಿ ಇರಬೇಕಿತ್ತು. ಹಾಗೇ ಮಧ್ಯೆ ಮಾತಾಡಲು ಅಂತ ಮಾಸ್ಕನ್ನು ಗಲ್ಲಕ್ಕೆ ಇಳಿಸಿದರೆ ಜಾಲರಿ ಮತ್ತೆ ತಣ್ಣಗಾಗುತ್ತದೆ. ವಾಪಸು ಏರಿಸಿದಾಗ ಮೊದಲಿಂದ ಶುರು.

ಇನ್ನು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ವಿಷಯ, ಉಸಿರು ಬಿಡುವುದು.

ಆರೋಗ್ಯವಾಗಿರುವವರು ಮಾಸ್ಕ್ ಹಾಕಿಕೊಂಡು ಉಸಿರು ಎಳೆಯಲು ಕಷ್ಟ ಅನ್ನುತ್ತಾರೆ. ಸಿಒಪಿಡಿಯಲ್ಲಿ ನಿಜವಾದ ಕಷ್ಟ ಬಿಡುವುದರಲ್ಲಿದೆ. ಒಳಗೆ ಹೋದ ಗಾಳಿ ಕಿರಿದಾದ ನಾಳಗಳಿಂದ ಪೂರ್ತಿ ಹೊರಗೆ ಬರುವ ಮೊದಲೇ ಮುಂದಿನ ಉಸಿರು ಎಳೆಯಬೇಕಾಗುತ್ತದೆ. ಜೋರಾಗಿ ನಡೆದಷ್ಟೂ ಒಳಗೆ ಹಳೆ ಗಾಳಿ ಸೇರುತ್ತಾ ಹೋಗುತ್ತದೆ, ಎದೆ ಉಬ್ಬಿಕೊಂಡು ಹೊಸ ಉಸಿರಿಗೆ ಜಾಗವೇ ಇಲ್ಲದಂತಾಗುತ್ತದೆ. ಇಂಥವರ ಬಾಯಿಯ ಮುಂದೆ ಜಾಲರಿ ಇಟ್ಟರೆ, ಅದು ಎಷ್ಟೇ ಹಗುರಾಗಿರಲಿ, ಒಂದು ಅಡ್ಡಿ ಸೇರಿದ ಹಾಗೇ. ಸಮತಟ್ಟಾದ ದಾರಿಯಲ್ಲಿ ನಿಧಾನಕ್ಕೆ ನಡೆದರೆ ನನಗೆ ಆ ಅಡ್ಡಿ ಗೊತ್ತಾಗುವುದಿಲ್ಲ. ಏರುದಾರಿಯಲ್ಲಿ ಗೊತ್ತಾಗುತ್ತದೆ. ಮೆಟ್ಟಿಲಲ್ಲಂತೂ ತೆಗೆದುಬಿಡಬೇಕು ಅನ್ನಿಸುವಷ್ಟು ಗೊತ್ತಾಗುತ್ತದೆ. ಮೂಗಿನಿಂದ ಎಳೆದು, ತುಟಿ ಕಿರಿದು ಮಾಡಿ, ಎಳೆದದ್ದರ ಎರಡರಷ್ಟು ಹೊತ್ತು ನಿಧಾನಕ್ಕೆ ಊದುವ ಉಸಿರಾಟವನ್ನು ನಮಗೆಲ್ಲ ಕಲಿಸಿರುತ್ತಾರೆ ಅಲ್ವಾ, ಅದನ್ನು ಮಾಸ್ಕಿನೊಳಗೂ ಮಾಡಬಹುದು, ಮಾಡಬೇಕು. ಆದರೆ ಗೂಡು ತುಟಿಗೆ ತಾಗುವಷ್ಟು ಹತ್ತಿರ ಇದ್ದರೆ ಆಗುವುದಿಲ್ಲ. ಕೊಳ್ಳುವಾಗ ಹಾಕಿ ನೋಡಲು ಬಿಟ್ಟರೆ ಮೊದಲು ಇದನ್ನೇ ನೋಡಿ: ತುಟಿ ಮುಂದೆ ಮಾಡಿ ಊದಲು ಒಳಗೆ ಜಾಗ ಇದೆಯಾ?

ಇನ್ನೊಂದು, ಬಿಟ್ಟ ಉಸಿರಿನ ಸ್ವಲ್ಪ ಭಾಗ ಮಾಸ್ಕಿನೊಳಗೇ ಉಳಿದು ಮತ್ತೆ ಒಳಗೆ ಹೋಗುತ್ತದೆ. ಎಲ್ಲ ಮಾಸ್ಕಿನಲ್ಲೂ ಹೀಗೇ, ಗೂಡು ದೊಡ್ಡದಾದಷ್ಟೂ ಜಾಸ್ತಿ. ಹೆಚ್ಚಿನವರಿಗೆ ಇದರಿಂದ ತೊಂದರೆ ಇಲ್ಲ. ಆದರೆ ಕಾಯಿಲೆ ಮುಂದುವರಿದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಳ್ಳುವವರಿದ್ದಾರೆ. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲಿನಲ್ಲಿ ಮಂಪರು ಇರುವವರು ಅಥವಾ ಡಾಕ್ಟರು ಈ ಮಾತನ್ನು ಮೊದಲೇ ಹೇಳಿರುವವರು ದಯವಿಟ್ಟು ಅವರನ್ನು ಕೇಳದೆ ಇಂಥ ಮಾಸ್ಕ್ ಕೊಳ್ಳಬೇಡಿ. ಉಳಿದವರೂ ಮೊದಲು ಮನೆಯೊಳಗೆ ಹಾಕಿಕೊಂಡು ಕೂತು ನೋಡಿ, ಆಮೇಲೆ ಕೋಣೆಯಲ್ಲೇ ಓಡಾಡಿ ನೋಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಹಾಕುವ ಮೊದಲು, ಹಾಕಿ ನಡೆದ ಮೇಲೆ ಎರಡೂ ಸಲ ನೋಡಿ. ಆದರೆ ಆಕ್ಸಿಮೀಟರ್ ತೋರಿಸುವುದು ಆಕ್ಸಿಜನ್ ಮಾತ್ರ, ಡೈಆಕ್ಸೈಡ್ ಏರಿದ್ದು ಅದಕ್ಕೆ ಕಾಣಿಸುವುದಿಲ್ಲ. ಸಂಖ್ಯೆ ಸರಿಯಿದ್ದೂ ತಲೆ ಭಾರವಾದರೆ ಮಾಸ್ಕ್ ತೆಗೆಯಿರಿ.

ಆಕ್ಸಿಮೀಟರಿನ ಮಾತು ಬಂದದ್ದಕ್ಕೆ ಒಂದು ಸಣ್ಣ ಮಾತು. ಹೊರಗಿನಿಂದ ಬಂದ ತಕ್ಷಣ ತಣ್ಣಗಿರುವ ಬೆರಳಿಗೆ ಹಾಕಿದರೆ ಅದು ತಪ್ಪು ಸಂಖ್ಯೆ ತೋರಿಸಬಹುದು ಅಥವಾ ಏನೂ ತೋರಿಸದೇ ಇರಬಹುದು. ಚಳಿಗೆ ಬೆರಳ ತುದಿಗೆ ರಕ್ತ ಸರಿಯಾಗಿ ಬರುವುದಿಲ್ಲ. ಕೈ ಉಜ್ಜಿ ಬೆಚ್ಚಗೆ ಮಾಡಿ, ಸ್ವಲ್ಪ ಹೊತ್ತು ಕೂತು, ಆಮೇಲೆ ನೋಡಿ. ಸುಮ್ನೆ ಗಾಬರಿ ಬೇಡ.

ಈಗ ಗಾಳಿಯ ವಿಚಾರ. ಈ ಮಾಸ್ಕ್ ಸೋಲುವುದು ಇಲ್ಲಿ. ಅದು ಮಾಸ್ಕಿನ ತಪ್ಪಲ್ಲ, ಆದರೆ ಮಾರುವವರು ಚಳಿಗಾಳಿಗೆ ಪೂರ್ತಿ ಪರಿಹಾರ ಅನ್ನುವಂತೆ ಹೇಳುವುದು ತಪ್ಪು.

ಗಾಳಿ ನಮಗೆ ಒಂದೇ ದಾರಿಯಿಂದ ತೊಂದರೆ ಕೊಡುವುದಿಲ್ಲ. ಒಂದು, ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಉಷ್ಣಾಂಶ 5 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಸುಮಾರು 0 ಡಿಗ್ರಿಯ ಹಾಗೆ ಅನ್ನಿಸುತ್ತದೆ. 0 ಡಿಗ್ರಿ ಇದ್ದರೆ ಅದೇ ಗಾಳಿಯಲ್ಲಿ ಮೈನಸ್ 6ರ ಹಾಗೆ. ಹವಾಮಾನ ವರದಿಯಲ್ಲಿ ಬರೀ ಉಷ್ಣಾಂಶ ನೋಡಿದರೆ ಸಾಲದು, ಗಾಳಿಯ ವೇಗವನ್ನೂ ನೋಡಬೇಕು ಅನ್ನುವುದು ಇದಕ್ಕೇ.

ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಮುಖದ ಚರ್ಮ ತಣ್ಣಗಾದರೇ ಸಾಕು, ಶ್ವಾಸನಾಳ ಬಿಗಿಯುತ್ತದೆ. ಮುಖದ ನರಗಳು ಆ ಚಳಿಯನ್ನು ಮೆದುಳಿಗೆ ತಿಳಿಸುತ್ತವೆ, ಅಲ್ಲಿಂದ ಇನ್ನೊಂದು ನರದ ಮೂಲಕ ಶ್ವಾಸನಾಳಕ್ಕೆ ಬಿಗಿಯುವ ಸೂಚನೆ ಹೋಗುತ್ತದೆ. ಮೂಗಿನಿಂದ ತಣ್ಣನೆ ಗಾಳಿ ಎಳೆದಾಗ ಆಗದ ಬಿಗಿತ ಮುಖ ಮಾತ್ರ ತಣ್ಣಗಾದಾಗ ಆಗಿದ್ದನ್ನು ಅಧ್ಯಯನದಲ್ಲೂ ನೋಡಿದ್ದಾರೆ. ಆಸ್ತಮಾ ಇರುವವರಲ್ಲೂ ಆಯಿತು, ಆರೋಗ್ಯವಾಗಿ ಇರುವವರಲ್ಲೂ ಸ್ವಲ್ಪ ಆಯಿತು. ಅಂದರೆ ಉಸಿರನ್ನು ಎಷ್ಟೇ ಬೆಚ್ಚಗೆ ಮಾಡಿಕೊಂಡರೂ ಹಣೆ, ಕಣ್ಣಿನ ಸುತ್ತ, ಕೆನ್ನೆಯ ಮೇಲ್ಭಾಗ ಗಾಳಿಗೆ ಒಡ್ಡಿದ್ದರೆ ಎದೆ ಹಿಡಿಯಬಹುದು. ನನಗೆ ಆದದ್ದೂ ಹಾಗೇ. ಮಾಸ್ಕಿನೊಳಗೆ ಉಸಿರು ಹಿತವಾಗಿಯೇ ಇತ್ತು, ಆದರೂ ಎದುರುಗಾಳಿ ಹಣೆಗೆ ಹೊಡೆದಾಗ ಎದೆ ಬಿಗಿಯಿತು. ಹುಬ್ಬಿನವರೆಗೆ ಇಳಿಯುವ ಟೋಪಿ, ಅದರ ಮೇಲೆ ಜಾಕೆಟ್ಟಿನ ಟೋಪಿ ಮುಂದಕ್ಕೆ ಎಳೆದುಕೊಂಡು, ಕಣ್ಣಿಗೆ ಅಗಲವಾದ ಕನ್ನಡಕ ಹಾಕಿಕೊಂಡ ಮೇಲೆ ಬಹಳ ಸುಧಾರಿಸಿತು. ಹಾಗಾಗಿ ಮಾಸ್ಕ್ ಒಂದನ್ನೇ ಕೊಂಡು ಟೋಪಿಗೆ ಗಮನ ಕೊಡದಿದ್ದರೆ ಅರ್ಧ ಕೆಲಸವೇ ಆಗುವುದು.

ಇದಕ್ಕೆ ಉಲ್ಟಾ ಅನ್ನಿಸುವ ಒಂದು ವಿಷಯವೂ ಇದೆ. ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನ ಗಾಳಿಯನ್ನು ಮುಖಕ್ಕೆ ಬಿಟ್ಟುಕೊಂಡರೆ ಏದುಸಿರು ಕಡಿಮೆ ಅನ್ನಿಸುತ್ತದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದೇ ಜನರಿಗೆ ಫ್ಯಾನನ್ನು ಒಮ್ಮೆ ಮುಖಕ್ಕೆ, ಒಮ್ಮೆ ಕಾಲಿಗೆ ಹಿಡಿದು ನೋಡಿದ್ದರು. ಮುಖಕ್ಕೆ ಹಿಡಿದಾಗಲೇ ಹೆಚ್ಚು ಆರಾಮ ಸಿಕ್ಕಿತು. ಹಾಗಾದರೆ ಹೊರಗಿನ ಗಾಳಿ ಯಾಕೆ ಕಾಡುತ್ತದೆ? ಫ್ಯಾನಿನದು ಕೋಣೆಯ ಬೆಚ್ಚನೆಯ ಗಾಳಿ, ಮೆಲ್ಲಗೆ ಬರುತ್ತದೆ, ಬೇಡ ಅಂದಾಗ ನಿಲ್ಲಿಸಬಹುದು. ಹೊರಗಿನದು ತಣ್ಣಗೆ, ಜೋರಾಗಿ, ಬಿಡದೆ ಹೊಡೆಯುತ್ತದೆ. ನಾನು ಫ್ಯಾನನ್ನು ಮನೆಯಲ್ಲೇ ಬಾಗಿಲ ಹತ್ತಿರ ಇಟ್ಟಿದ್ದೇನೆ. ಹೊರಗಿನಿಂದ ಬಂದು ಕೂತು, ಮಾಸ್ಕ್ ತೆಗೆದು, ಮುಖ ಬೆಚ್ಚಗಾದ ಮೇಲೂ ಏದುಸಿರು ಇಳಿಯದಿದ್ದರೆ ಆಗ ಬಳಸುತ್ತೇನೆ.

ಮೂರನೆಯದು ಬರೀ ಶ್ರಮ. ಎದುರುಗಾಳಿಯಲ್ಲಿ ನಡೆಯುವುದು ಅಂದರೆ ಅದನ್ನು ತಳ್ಳಿಕೊಂಡು ಹೋಗುವುದು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಯಾವ ಮಾಸ್ಕೂ ಇದಕ್ಕೆ ಏನೂ ಮಾಡಲಾರದು. ಇಲ್ಲಿ ಕೆಲಸಕ್ಕೆ ಬರುವುದು ದಾರಿಯ ಆಯ್ಕೆ. ಹೋಗುವಾಗ, ಮೈಯಲ್ಲಿ ಶಕ್ತಿ ಇದ್ದಾಗ, ಗಾಳಿಗೆ ಎದುರಾಗಿ ಹೋಗಿ. ಬರುವಾಗ ಸುಸ್ತಾಗಿರುತ್ತದೆ, ಆಗ ಗಾಳಿ ಬೆನ್ನಿಗಿರಲಿ. ಇದನ್ನು ಉಲ್ಟಾ ಮಾಡಿದರೆ ಮನೆಯಿಂದ ದೂರ ಬಂದ ಮೇಲೆ ಸಿಕ್ಕಿಹಾಕಿಕೊಳ್ಳುತ್ತೀರಿ. ಕಟ್ಟಡದ ಮರೆ, ಗೋಡೆಯ ಮರೆ ಇರುವ ಕಡೆ ನಡೆಯಿರಿ, ಆದರೆ ಎತ್ತರದ ಕಟ್ಟಡಗಳ ನಡುವಿನ ಸಂದಿಯಲ್ಲಿ ಗಾಳಿ ಇನ್ನೂ ಜೋರಾಗಿರುತ್ತದೆ, ಮೂಲೆ ತಿರುಗುವಾಗ ಹುಷಾರು. ಒಮ್ಮೆಗೇ ಗಾಳಿ ನುಗ್ಗಿ ಬಂದರೆ ಬೆನ್ನು ತಿರುಗಿಸಿ ನಿಂತುಬಿಡಿ. ಜನ ನೋಡುತ್ತಾರೆ ಅಂತ ಸಂಕೋಚ ಬೇಡ. ನಾನು ಎಷ್ಟೋ ಸಲ ಹೀಗೆ ನಿಂತೇ ಸುಧಾರಿಸಿಕೊಂಡಿದ್ದೇನೆ.

ಬೇರೆ ವಸ್ತುಗಳ ಜೊತೆ ಹೋಲಿಸಿದರೆ ಹೇಗೆ? ಉಣ್ಣೆಯ ಮಫ್ಲರನ್ನು ಮೂಗು ಬಾಯಿಗೆ ಸಡಿಲವಾಗಿ ಸುತ್ತಿಕೊಂಡರೂ ಇದೇ ಕೆಲಸ ಸ್ವಲ್ಪ ಮಟ್ಟಿಗೆ ಆಗುತ್ತದೆ. ಉಸಿರಿನ ಬಿಸಿ ಬಟ್ಟೆಯಲ್ಲಿ ಉಳಿದು ಮುಂದಿನ ಉಸಿರಿಗೆ ಸಿಗುತ್ತದೆ. ಕೆನ್ನೆ, ಕಿವಿ, ಕುತ್ತಿಗೆಯೂ ಮುಚ್ಚುತ್ತವೆ. ಉಸಿರು ಬಿಡಲು ಅಡ್ಡಿ ಕಡಿಮೆ, ಬೇಡ ಅನ್ನಿಸಿದ ಕ್ಷಣ ಕೆಳಗೆ ಎಳೆಯಬಹುದು. ಸ್ವಲ್ಪ ದೂರದ ಓಡಾಟಕ್ಕೆ ನಾನು ಈಗಲೂ ಮಫ್ಲರನ್ನೇ ಹಿಡಿಯುತ್ತೇನೆ. ಸಮಸ್ಯೆ ಬರುವುದು ಸ್ವಲ್ಪ ಹೊತ್ತಾದ ಮೇಲೆ. ಉಸಿರಿನ ತೇವಕ್ಕೆ ಅದು ಒದ್ದೆಯಾಗುತ್ತದೆ, ಒದ್ದೆ ಬಟ್ಟೆಗೆ ಗಾಳಿ ಹೊಡೆದರೆ ಇನ್ನೂ ತಣ್ಣಗಾಗುತ್ತದೆ, ಸೊನ್ನೆಗಿಂತ ಕೆಳಗೆ ಹೋದರೆ ಮಂಜುಗಟ್ಟಿ ಗಡುಸಾಗುತ್ತದೆ. ಒಣ ಭಾಗಕ್ಕೆ ತಿರುಗಿಸಿ ಸುತ್ತಿಕೊಳ್ಳುತ್ತಾ ಇರಬೇಕು. ಜಾಲರಿ ಮಾಸ್ಕ್ ಈ ವಿಷಯದಲ್ಲಿ ಮೇಲು. ಒಳಗೆ ನೀರು ಕೂಡುತ್ತದೆ, ಆದರೆ ಮುಖಕ್ಕೆ ತಾಗುವ ಬಟ್ಟೆ ಅಷ್ಟು ಬೇಗ ಒದ್ದೆಯಾಗುವುದಿಲ್ಲ.

ಎನ್95 ಹಾಕಿಕೊಂಡರೆ ಆಗಲ್ವಾ ಅಂತ ಕೆಲವರು ಕೇಳಿದರು. ಅದನ್ನು ಮಾಡಿರುವುದು ಗಾಳಿಯಲ್ಲಿನ ಕಣಗಳನ್ನು ತಡೆಯಲು. ಉಸಿರು ಒಳಗೇ ಸುತ್ತುವುದರಿಂದ ಬೆಚ್ಚಗೂ ಇರುತ್ತದೆ ನಿಜ, ಆದರೆ ಅದು ಬಿಗಿಯಾಗಿ ಕೂರಬೇಕಾದ ಮಾಸ್ಕ್, ನಡೆಯುವಾಗ ನಮಗೆ ಉಸಿರಾಟ ಇನ್ನೂ ಕಷ್ಟ. ಮುಂದೆ ಕವಾಟ ಇರುವ ಎನ್95 ಉಸಿರು ಬಿಡಲು ಸುಲಭ, ಆದರೆ ಬೆಚ್ಚನೆಯ ಉಸಿರೆಲ್ಲ ಆ ಕವಾಟದಿಂದ ಹೊರಗೆ ಹೋಗಿಬಿಡುತ್ತದೆ, ಚಳಿಗೆ ಅದರಿಂದ ಉಪಯೋಗ ಕಡಿಮೆ. ಹೊಗೆ, ದೂಳು ಜಾಸ್ತಿ ಇರುವ ದಿನ, ಆಸ್ಪತ್ರೆಯ ಕಾಯುವ ಜಾಗದಲ್ಲಿ ಎನ್95 ಬೇಕು. ಚಳಿಗಾಲದಲ್ಲಿ ಗಾಳಿಯೇ ಆಡದ ದಿನ ಹೊಗೆಯೆಲ್ಲ ನೆಲದ ಹತ್ತಿರವೇ ನಿಂತುಬಿಡುವುದುಂಟು, ಅಂಥ ದಿನ ನನ್ನ ಜಾಲರಿ ಮಾಸ್ಕ್ ಯಾವ ಕೆಲಸಕ್ಕೂ ಬರಲಿಲ್ಲ. ಜಾಲರಿಯ ತೂತುಗಳಲ್ಲಿ ಹೊಗೆ ಸಲೀಸಾಗಿ ಒಳಗೆ ಬರುತ್ತದೆ.

ನನಗೆ ಬೇಸರವಾದದ್ದೂ ಇದೇ ವಿಷಯಕ್ಕೆ. ನಾನು ಕೊಂಡ ಡಬ್ಬಿಯ ಮೇಲೆ ಸೋಂಕಿನಿಂದ ಕಾಪಾಡುತ್ತದೆ ಅನ್ನುವ ಅರ್ಥ ಬರುವ ಸಾಲೊಂದಿದೆ. ಬರೀ ಲೋಹದ ಜಾಲರಿ ವೈರಸ್ಸನ್ನು ಹೇಗೆ ತಡೆಯುತ್ತದೆ? ಸಿಒಪಿಡಿ ಇರುವವರಿಗೆ ಚಳಿಗಾಲದಲ್ಲಿ ನೆಗಡಿ, ಫ್ಲೂ ಬಂದು ಕಾಯಿಲೆ ಉಲ್ಬಣಿಸುವುದೇ ದೊಡ್ಡ ಅಪಾಯ. ಹಾಗೆ ಉಲ್ಬಣಿಸಿ ಆಸ್ಪತ್ರೆ ಸೇರಿದವರಲ್ಲಿ ಹಲವರಿಗೆ ಉಸಿರಾಟ ಮೊದಲಿನ ಮಟ್ಟಕ್ಕೆ ಬರುವುದೇ ಇಲ್ಲ. ಆ ಸಾಲು ಓದಿ ಯಾರಾದರೂ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಬೇಡ ಅಂದುಕೊಂಡರೆ? ಕಂಪನಿಗೆ ಬರೆದು ಕೇಳಿದೆ. ಬಂದ ಉತ್ತರದಲ್ಲಿ ಧನ್ಯವಾದ ಇತ್ತು, ಉತ್ತರ ಇರಲಿಲ್ಲ. ಈ ಒಂದು ಸಾಲಿಗೆ ನಾನು ಅಂಕ ಕಡಿಮೆ ಮಾಡುತ್ತೇನೆ.

ದಿನನಿತ್ಯದ ಬಳಕೆಯ ಮಾತು ಬೇಗ ಮುಗಿಸುತ್ತೇನೆ. ಕಿವಿಗೆ ಹಾಕುವ ಪಟ್ಟಿ ಬೇಗ ಸಡಿಲವಾಗುತ್ತದೆ, ತಲೆಯ ಹಿಂದೆ ಅಂಟಿಸುವ ಪಟ್ಟಿಯಿರುವುದನ್ನೇ ಕೊಳ್ಳಿ. ಮೂಗಿನ ಮೇಲೆ ಸರಿಯಾಗಿ ಕೂರದಿದ್ದರೆ ಕನ್ನಡಕ ಮಂಜಾಗುತ್ತದೆ, ಮೆಟ್ಟಿಲಲ್ಲಿ ಅದು ಅಪಾಯ. ಮಾತು ಅಸ್ಪಷ್ಟ, ಫೋನಿನಲ್ಲಿ ಮಾತಾಡುವುದು ಆಗದ ಕೆಲಸ. ಅದು ಒಳ್ಳೆಯದೇ, ಚಳಿಗಾಳಿಯಲ್ಲಿ ನಡೆಯುತ್ತಾ ಮಾತಾಡುವುದು ನಮಗೆ ಹೇಗೂ ಒಳ್ಳೆಯದಲ್ಲ.

ತೊಳೆಯುವುದನ್ನು ಮಾತ್ರ ಅಸಡ್ಡೆ ಮಾಡಬೇಡಿ. ಜಾಲರಿಯಲ್ಲಿ ಉಸಿರಿನ ನೀರು, ಕೆಮ್ಮಿದಾಗ ಕಫದ ಕಣ ಎಲ್ಲ ಸೇರುತ್ತವೆ. ಒದ್ದೆಯಲ್ಲೇ ಚೀಲಕ್ಕೆ ತುರುಕಿದರೆ ಬೂಸ್ಟು ಬರುತ್ತದೆ, ಆ ಬೂಸ್ಟಿನ ಮೂಲಕವೇ ಮರುದಿನ ಉಸಿರಾಡಬೇಕು. ಬಂದ ಕೂಡಲೇ ಜಾಲರಿ ಬಿಚ್ಚಿ, ಉಗುರುಬೆಚ್ಚನೆ ನೀರು, ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಸುವಾಸನೆಯ ಪುಡಿ, ಸ್ಪಿರಿಟ್ ಬೇಡವೇ ಬೇಡ, ಅದರ ಘಾಟಿಗೇ ಉಬ್ಬಸ ಬರಬಹುದು. ದಿನಾ ಹೊರಗೆ ಹೋಗುವವರಿಗೆ ಒಂದು ಜಾಲರಿ ಸಾಲದು, ಒಂದು ಒಣಗುವಾಗ ಇನ್ನೊಂದು ಬೇಕು.

ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಳ್ಳುವವರ ಬಗ್ಗೆ ನನ್ನ ಜೊತೆ ಉಸಿರಾಟದ ವ್ಯಾಯಾಮಕ್ಕೆ ಬರುವ ಒಬ್ಬರಿಂದ ಕೇಳಿದ್ದು ಹೇಳುತ್ತೇನೆ. ಅವರಿಗೆ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್ ಇದೆ, ಸಿಒಪಿಡಿ ಅಲ್ಲ. ನಳಿಕೆಯ ಮೇಲೆ ಈ ಮಾಸ್ಕ್ ಸರಿಯಾಗಿ ಕೂರಲಿಲ್ಲ, ಗೂಡು ನಳಿಕೆಯನ್ನು ಒತ್ತುತ್ತಿತ್ತು. ಅವರಿಗೆ ಕಷ್ಟ ಉಸಿರು ಎಳೆಯುವುದರಲ್ಲಿ, ಹಾಗಾಗಿ ಜಾಲರಿಯ ಅಡ್ಡಿ ಅವರಿಗೆ ಬೇರೆ ರೀತಿ ಕಾಡಿತು. ಸಡಿಲವಾದ ಮಫ್ಲರಿಗೇ ವಾಪಸು ಹೋದರು, ನಳಿಕೆಯ ಕೊಳವೆಯನ್ನು ಜಾಕೆಟ್ಟಿನೊಳಗಿಂದ ತರುತ್ತಾರೆ. ಜೊತೆಗೆ ಒಯ್ಯುವ ಆಕ್ಸಿಜನ್ ಯಂತ್ರದ ಬ್ಯಾಟರಿ ಚಳಿಯಲ್ಲಿ ಬೇಗ ಇಳಿಯುತ್ತದೆ ಅನ್ನುವುದನ್ನೂ ಅವರು ನೆನಪಿಸಿದರು. ಇನ್ನೊಂದು ಎಚ್ಚರಿಕೆ: ಚಳಿಗೆ ತುಟಿ ಮೂಗು ಒಡೆಯುತ್ತದೆ ಅಂತ ಆಕ್ಸಿಜನ್ ಬಳಸುವಾಗ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ. ಆಕ್ಸಿಜನ್ ಇರುವ ಕಡೆ ಅಂಥ ಎಣ್ಣೆ ಪದಾರ್ಥಕ್ಕೆ ಬೆಂಕಿ ಹೊತ್ತುವ ಅಪಾಯ ಇದೆ. ನೀರಿನಂಶದ ಮುಲಾಮು ಸಿಗುತ್ತದೆ, ಅದನ್ನು ಬಳಸಿ.

ಮಾಸ್ಕ್ ಇದೆ ಅಂತ ಇನ್‌ಹೇಲರ್ ಮರೆಯಬಾರದು. ಹೊರಗೆ ಹೋಗುವ ಮೊದಲು ನಾಳ ಸಡಿಲಿಸುವ ಇನ್‌ಹೇಲರ್ ತೆಗೆದುಕೊಳ್ಳಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ನನಗೆ 15 ನಿಮಿಷ ಮೊದಲು ತೆಗೆದುಕೊಳ್ಳಲು ಹೇಳಿದ್ದಾರೆ, ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಒತ್ತಿದರೆ ಹೊಗೆಯ ಹಾಗೆ ಬರುವ ಡಬ್ಬಿ ಇನ್‌ಹೇಲರನ್ನು ಜಾಕೆಟ್ಟಿನ ಹೊರ ಜೇಬಲ್ಲಿ ಇಡಬೇಡಿ. ತಣ್ಣಗಾದರೆ ಒಳಗಿನ ಒತ್ತಡ ಇಳಿದು ಔಷಧಿ ಸರಿಯಾಗಿ ಬರುವುದಿಲ್ಲ. ಮೈಗೆ ಹತ್ತಿರದ ಒಳ ಜೇಬಲ್ಲಿ ಇಡಿ. ಮಧ್ಯೆ ಬೇಕಾದರೆ ಗಾಳಿಗೆ ಬೆನ್ನು ಮಾಡಿ, ಸಾಧ್ಯವಾದರೆ ಯಾವುದಾದರೂ ಮರೆಗೆ ಹೋಗಿ ತೆಗೆದುಕೊಳ್ಳಿ.

ಮತ್ತೆ ಎಷ್ಟೇ ಒಳ್ಳೆಯ ಮಾಸ್ಕ್ ಇದ್ದರೂ ಕೆಲವು ದಿನ ಹೊರಗೆ ಹೋಗದಿರುವುದೇ ಸರಿ. ಕಫದ ಬಣ್ಣ ಹಳದಿ ಹಸಿರಿಗೆ ತಿರುಗಿದ್ದರೆ, ಜಾಸ್ತಿಯಾಗಿದ್ದರೆ, ಮಾಮೂಲಿಗಿಂತ ಹೆಚ್ಚು ಉಸಿರು ಕಟ್ಟುತ್ತಿದ್ದರೆ ಆ ದಿನ ಮಾಸ್ಕಿನ ಪರೀಕ್ಷೆ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಮನೆಯೊಳಗೂ ಚಳಿ ಇದ್ದರೆ ಹೊರಗೆ ಮಾಸ್ಕ್ ಹಾಕಿ ಏನು ಬಂತು? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಪ್ರಕಾರ ಚಳಿಗಾಲ ಇರುವ ಕಡೆ ಮನೆಯೊಳಗೆ 18 ಡಿಗ್ರಿಯಾದರೂ ಇರಬೇಕು. ಹಾಗಂತ ಸೌದೆ, ಇದ್ದಿಲು ಉರಿಸಿ ಬೆಚ್ಚಗೆ ಮಾಡಿಕೊಂಡರೆ ಆ ಹೊಗೆ ಚಳಿಗಿಂತ ಹೆಚ್ಚು ಕೆಡುಕು ಮಾಡುತ್ತದೆ.

ಯಾರು ಕೊಳ್ಳಬಹುದು ಅಂದರೆ, ಚಳಿಯಲ್ಲಿ ನಡೆಯುವಾಗ ಒಣ ಕೆಮ್ಮು ಬರುವವರು, ಸಮತಟ್ಟಾದ ದಾರಿಯಲ್ಲಿ ತಮ್ಮ ಪಾಡಿಗೆ ನಡೆಯಬಲ್ಲವರು, ವಾಕಿಂಗ್ ಬಿಟ್ಟರೆ ಕಾಲಿನ ಶಕ್ತಿ ಹೋಗಿ ಉಸಿರಾಟ ಇನ್ನೂ ಕೆಡುತ್ತದೆ ಅನ್ನುವುದು ಗೊತ್ತಿದ್ದು ಚಳಿಗಾಲದಲ್ಲೂ ನಡೆಯುತ್ತಲೇ ಇರಬೇಕು ಅನ್ನುವವರು. ಇವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ, ಜೊತೆಗೆ ಹಣೆ ಮುಚ್ಚುವ ಟೋಪಿಯನ್ನೂ ಕೊಳ್ಳಿ. ಕೂತಲ್ಲೇ ಏದುಸಿರು ಇರುವವರು, ಮುಖ ಮುಚ್ಚಿದರೆ ಗಾಬರಿಯಾಗುವವರು, ಡೈಆಕ್ಸೈಡ್ ತೊಂದರೆ ಇರುವವರು ಮಫ್ಲರಿನಲ್ಲೇ ಇರಿ.

5ಕ್ಕೆ ಮೂರೂವರೆ ಕೊಡುತ್ತೇನೆ. ತಲೆಯ ಹಿಂದಿನ ಪಟ್ಟಿ ಗಟ್ಟಿ ಮಾಡಿ, ಎರಡನೇ ಜಾಲರಿಯನ್ನು ಡಬ್ಬಿಯಲ್ಲೇ ಕೊಟ್ಟು, ಸೋಂಕಿನ ಆ ಸಾಲನ್ನು ತೆಗೆದು ಅದೇ ಜಾಗದಲ್ಲಿ ಮನೆಯೊಳಗೇ ಹಾಕಿಕೊಂಡು ಹೊರಡಿ ಅಂತ ಅಚ್ಚು ಹಾಕಿದರೆ ನಾಲ್ಕೂವರೆ.